ಖುಲಾಸೆಯ ಮರುದಿನ

2025ರ ಏಪ್ರಿಲ್ 23ರಂದು ಮೈಸೂರಿನ ಐದನೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಕೊಲೆ ಆರೋಪ ಹೊತ್ತಿದ್ದ ಒಬ್ಬ ಕೂಲಿಕಾರನನ್ನು ಖುಲಾಸೆ ಮಾಡಿತು. ಕೊಲೆಯಾದವಳು ಎಂದು ಪೊಲೀಸರು ಹೇಳಿದ್ದ ಅವನ ಹೆಂಡತಿ ಅದಕ್ಕೆ ಮೂರು ವಾರ ಮುಂಚೆ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಯದವರ ಕಣ್ಣಿಗೆ ಬಿದ್ದಿದ್ದಳು. ಆತ ಕುಶಾಲನಗರ ಕಡೆಯ ಬುಡಕಟ್ಟು ಸಮುದಾಯದವನು. ಹೆಂಡತಿ ಕಾಣೆಯಾಗಿದ್ದಾಳೆಂದು ಠಾಣೆಗೆ ದೂರು ಕೊಟ್ಟವನೂ ಅವನೇ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ಪೊಲೀಸರು ತೀರ್ಮಾನಿಸಿದರು. ಡಿಎನ್‌ಎ ವರದಿ ಕೈಸೇರುವ ಮೊದಲೇ ದೋಷಾರೋಪ ಪಟ್ಟಿ ಸಲ್ಲಿಸಿದರು. ಆಮೇಲೆ ಬಂದ ವರದಿ ಹೊಂದಿಕೆಯಾಗಲಿಲ್ಲ. ಆದರೂ ಕೇಸು ನಿಲ್ಲಲಿಲ್ಲ. ಸುಮಾರು ಒಂದೂವರೆ ವರ್ಷ ಆತ ಜೈಲಿನಲ್ಲಿದ್ದ.

ಖುಲಾಸೆಯ ಜೊತೆಗೆ ನ್ಯಾಯಾಲಯ ಗೃಹ ಇಲಾಖೆಯಿಂದ 1 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ತನಿಖೆ ನಡೆಸಿದವರ ಮೇಲೆ ಕ್ರಮಕ್ಕೂ ಹೇಳಿತು. ಆತ 5 ಕೋಟಿ ಕೇಳಿ ಹೈಕೋರ್ಟಿನ ಮೆಟ್ಟಿಲು ಹತ್ತಿದ. ಈ ಎರಡು ಮೊತ್ತಗಳಲ್ಲಿ ಯಾವುದು ಸರಿ ಎಂದು ಅಳೆಯುವ ಕೋಲು ನಮ್ಮ ಕಾನೂನಿನಲ್ಲಿಲ್ಲ. ಹೆಂಡತಿ ಜೀವಂತವಾಗಿ ಕಟಕಟೆಯ ಮುಂದೆ ಬಂದು ನಿಂತ ಪ್ರಕರಣದಲ್ಲೇ ಹೀಗಾದರೆ, ಬದುವಿನ ಜಗಳಕ್ಕೋ ಕಾಲುವೆ ನೀರಿನ ತಕರಾರಿಗೋ ಹುಟ್ಟಿದ ಸುಳ್ಳು ಕೇಸಿನಲ್ಲಿ ಆರೇಳು ವರ್ಷ ವಾಯಿದೆಗೆ ಅಲೆದು ಹೊರಬಂದ ನಂಜನಗೂಡಿನ ರೈತನಿಗೆ, ತಿ. ನರಸೀಪುರದ ಅಂಗಡಿಯವನಿಗೆ ಕಾನೂನು ಏನು ಕೊಡುತ್ತದೆ? ಈ ಲೇಖನ ಕೇಳುವುದು ಅದನ್ನೇ.

ಕಬಿನಿ ನಾಲೆಯ ನೀರು ಹರಿಯುವ ಈ ಎರಡು ತಾಲ್ಲೂಕುಗಳಲ್ಲಿ ಜಗಳದ ಮೂಲ ಬಹುಪಾಲು ಜಮೀನು, ಖಾತೆ, ನಿವೇಶನ, ಸಾಲ. ಸಿವಿಲ್ ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು, ಠಾಣೆಗೆ ಹೋದರೆ ಸಂಜೆಗೇ ಎದುರಾಳಿಗೆ ಬಿಸಿ ಮುಟ್ಟುತ್ತದೆ ಎಂಬುದು ಹಳ್ಳಿಯ ಲೆಕ್ಕಾಚಾರ. ಸಿವಿಲ್ ವ್ಯಾಜ್ಯಗಳಿಗೆ ಕ್ರಿಮಿನಲ್ ಬಣ್ಣ ಬಳಿಯುವ ಚಾಳಿ ಹೆಚ್ಚುತ್ತಿದೆ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಇಂಡಿಯನ್ ಆಯಿಲ್ ಕಾರ್ಪೊರೇಷನ್ ಪ್ರಕರಣದಲ್ಲಿ ಎಚ್ಚರಿಸಿತ್ತು. ಚಾಳಿ ನಿಂತಿಲ್ಲ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂಬ 2013ರ ಲಲಿತಾ ಕುಮಾರಿ ತೀರ್ಪಿನ ನಂತರ ಠಾಣೆಯವರಿಗೂ ಒಂದು ಉತ್ತರ ಸಿಕ್ಕಿದೆ: ನಾವೇನು ಮಾಡೋಣ, ದೂರು ಕೊಟ್ಟರು, ಹಾಕಿದೆವು. ಎಫ್‌ಐಆರ್ ಹಾಕುವುದು ತಪ್ಪಲ್ಲ, ನಿಜ. ತಪ್ಪು ಶುರುವಾಗುವುದು ಅದರ ಆಚೆ, ಕಣ್ಣೆದುರಿನ ಸಾಕ್ಷ್ಯ ಬೇರೆ ಹೇಳುತ್ತಿದ್ದರೂ ದೋಷಾರೋಪ ಪಟ್ಟಿ ತಯಾರಾಗುವಾಗ.

ಮೊದಲು ಸಂವಿಧಾನದ ದಾರಿ ನೋಡೋಣ. 21ನೇ ವಿಧಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುತ್ತದೆ. ಬಂಧಿಸಿದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 22ನೇ ವಿಧಿ. ಇವುಗಳಲ್ಲಿ ಎಲ್ಲೂ ಪರಿಹಾರ ಎಂಬ ಮಾತಿಲ್ಲ. 1979ರಲ್ಲಿ ಭಾರತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಒಪ್ಪಿಕೊಂಡಾಗಲೂ ಒಂದು ತಕರಾರು ಬರೆದೇ ಒಪ್ಪಿಕೊಂಡಿತು: ಅಕ್ರಮ ಬಂಧನಕ್ಕೆ ಸರ್ಕಾರದಿಂದ ಪರಿಹಾರ ವಸೂಲು ಮಾಡುವ ಹಕ್ಕು ನಮ್ಮ ವ್ಯವಸ್ಥೆಯಲ್ಲಿಲ್ಲ.

ಆ ಮಾತನ್ನು ಸುಳ್ಳು ಮಾಡಿದ್ದು ಬಿಹಾರದ ಒಬ್ಬ ಕೈದಿ. 1968ರಲ್ಲೇ ಖುಲಾಸೆಯಾಗಿದ್ದ ರುದುಲ್ ಸಾ 1982ರವರೆಗೆ ಜೈಲಿನಲ್ಲೇ ಉಳಿದಿದ್ದ. 1983ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಒಟ್ಟು 35,000 ರೂಪಾಯಿ ಕೊಡಿಸಿತು. ಹದಿನಾಲ್ಕು ವರ್ಷಕ್ಕೆ ಮೂವತ್ತೈದು ಸಾವಿರ! ಮೊತ್ತ ನಗೆ ತರಿಸಿದರೂ ಅದರ ಹಿಂದಿನ ತತ್ವ ದೊಡ್ಡದು. ಮೂಲಭೂತ ಹಕ್ಕು ಮುರಿದ ಸರ್ಕಾರ ರಿಟ್ ಅರ್ಜಿಯಲ್ಲೇ ದುಡ್ಡು ಕೊಡಬೇಕು ಎಂಬುದು ಅಲ್ಲಿಂದ ಶುರು. ಒಡಿಶಾದ ಕಸ್ಟಡಿ ಸಾವಿನ ಪ್ರಕರಣದಲ್ಲಿ, 1993ರ ನೀಲಾಬತಿ ಬೆಹೆರಾ ತೀರ್ಪಿನಲ್ಲಿ, ಅದು ಗಟ್ಟಿಯಾಯಿತು. ಇಂಥ ಹೊಣೆಗೆ ರಾಜ್ಯದ ಸಾರ್ವಭೌಮ ರಕ್ಷಣೆ ಅಡ್ಡ ಬರುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು.

ಆ ರಕ್ಷಣೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಹಳೆಯ ಕತೆಯೊಂದು ಇದೆ. 1947ರಲ್ಲಿ ಮೀರತ್‌ನಲ್ಲಿ ಪೊಲೀಸರು ಚಿನ್ನದ ವ್ಯಾಪಾರಿಯೊಬ್ಬನನ್ನು ಹಿಡಿದು, ನೂರು ತೊಲಕ್ಕೂ ಮೇಲ್ಪಟ್ಟ ಚಿನ್ನವನ್ನು ಠಾಣೆಯ ಮಾಲ್‌ಖಾನೆಯಲ್ಲಿಟ್ಟರು. ಹೆಡ್ ಕಾನ್‌ಸ್ಟೆಬಲ್ ಚಿನ್ನದ ಸಮೇತ ಪಾಕಿಸ್ತಾನಕ್ಕೆ ಓಡಿಹೋದ. ವ್ಯಾಪಾರಿ ದಾವೆ ಹೂಡಿದ. ಬಂಧಿಸುವುದು, ಜಪ್ತಿ ಮಾಡುವುದು ಸಾರ್ವಭೌಮ ಕಾರ್ಯ, ಅದಕ್ಕೆ ಸರ್ಕಾರ ನಷ್ಟ ತುಂಬಬೇಕಿಲ್ಲ ಎಂದು 1965ರ ಕಸ್ತೂರಿಲಾಲ್ ತೀರ್ಪು ಅವನನ್ನು ಬರಿಗೈಲಿ ಕಳಿಸಿತು. ಈ ತೀರ್ಪನ್ನು ಆಮೇಲಿನ ತೀರ್ಪುಗಳು ಸಾಕಷ್ಟು ಸವೆಸಿವೆ. ಆದರೆ ಸಿವಿಲ್ ದಾವೆಯಲ್ಲಿ ಸರ್ಕಾರಿ ವಕೀಲರು ಇವತ್ತಿಗೂ ಅದನ್ನು ಎತ್ತಿ ಹಿಡಿಯುತ್ತಾರೆ. ರಿಟ್‌ನಲ್ಲಿ ನಡೆಯದ ವಾದ ದಾವೆಯಲ್ಲಿ ನಡೆದರೂ ನಡೆಯಬಹುದು. ಹೀಗೆ ಒಂದೇ ಗಾಯಕ್ಕೆ ಎರಡು ಬಾಗಿಲು, ಎರಡು ಬೇರೆ ನಿಯಮ.

ಕರ್ನಾಟಕ ಹೈಕೋರ್ಟ್ ರಿಟ್ ದಾರಿಯನ್ನು ಆಗಾಗ ತೆರೆದಿದೆ. 2022ರಲ್ಲಿ ಬೆಳಗಾವಿ ಕಡೆಯ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕಾರಣವಿಲ್ಲದೆ ಕೈಕೋಳ ತೊಡಿಸಿ ಮೆರವಣಿಗೆ ಮಾಡಿದ್ದಕ್ಕೆ 2 ಲಕ್ಷ ಕೊಡಿಸಿತು. ಅದೇ ವರ್ಷ, ವಾರಂಟಿನಲ್ಲಿದ್ದ ಹೆಸರನ್ನೇ ಹೋಲುವ ಹೆಸರಿನ ಬೇರೊಬ್ಬ ಮನುಷ್ಯನನ್ನು ಹಿಡಿದೊಯ್ದದ್ದಕ್ಕೆ 5 ಲಕ್ಷ. ಇಂಥವು ಹೈಕೋರ್ಟಿಗೆ ಸುಲಭ, ಏಕೆಂದರೆ ತಪ್ಪು ಕಾಗದದ ಮೇಲೇ ಕಾಣುತ್ತದೆ. ಸಾಕ್ಷಿ ವಿಚಾರಣೆ ಬೇಕಾಗುವ ತಕರಾರು ಬಂದ ತಕ್ಷಣ, ಇದಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಕ್ಷರಧಾಮ ದಾಳಿ ಪ್ರಕರಣದಲ್ಲಿ 2014ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿದ ಸುಪ್ರೀಂ ಕೋರ್ಟೇ, 2016ರಲ್ಲಿ ಅವರ ಪರಿಹಾರದ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅದೇ 2016ರ ಮೇ ತಿಂಗಳಲ್ಲಿ ಕಲಬುರಗಿಯ ಒಬ್ಬ ಫಾರ್ಮಸಿ ವಿದ್ಯಾರ್ಥಿ ಜೈಪುರದ ಜೈಲಿನಿಂದ ಹೊರಬಂದ. 1994ರಲ್ಲಿ ಒಳಗೆ ಹೋಗಿದ್ದಾಗ ಹದಿಹರೆಯ ದಾಟಿರಲಿಲ್ಲ, ಹೊರಬಂದಾಗ ನಲವತ್ತು ದಾಟಿತ್ತು. ನಿರಪರಾಧಿ ಎಂದು ಸುಪ್ರೀಂ ಕೋರ್ಟೇ ಹೇಳಿದ ಮೇಲೂ, ಇಂತಿಷ್ಟು ಪಡೆಯಲು ನೀನು ಹಕ್ಕುದಾರ ಎಂದು ಹೇಳುವ ಒಂದು ಸಾಲು ಶಾಸನದಲ್ಲಿರಲಿಲ್ಲ.

ಇನ್ನು ಎರಡನೇ ದಾರಿ, ದುರುದ್ದೇಶದ ಪ್ರಾಸಿಕ್ಯೂಷನ್‌ಗೆ ನಷ್ಟ ಪರಿಹಾರ ಕೇಳುವ ಸಿವಿಲ್ ದಾವೆ. ಇದಕ್ಕೆ ಶಾಸನವಿಲ್ಲ, ಇಂಗ್ಲಿಷ್ ಕಾನೂನಿನಿಂದ ಬಂದು ನೆಲೆಯೂರಿದ ಹಕ್ಕು ಇದು. ಸುಳ್ಳು ಕೇಸು ಮನುಷ್ಯನ ಹೆಸರನ್ನು, ದೇಹವನ್ನು, ದುಡ್ಡನ್ನು ಕೆಡಿಸುತ್ತದೆ ಎಂದು ಇಂಗ್ಲೆಂಡಿನ ನ್ಯಾಯಾಧೀಶರು 1698ರಲ್ಲಿ ಮಾಡಿದ ಮೂರು ವಿಂಗಡಣೆಗಳೇ ಇಂದಿಗೂ ಪರಿಹಾರದ ಲೆಕ್ಕಕ್ಕೆ ಆಧಾರ. ವಾದಿ ಸಾಬೀತು ಮಾಡಬೇಕಾದದ್ದು ಇಷ್ಟು: ಕೇಸು ನಡೆಸಿದವನು ಪ್ರತಿವಾದಿಯೇ, ಅದು ನನ್ನ ಪರವಾಗಿ ಮುಗಿದಿದೆ, ಅದಕ್ಕೆ ಸಕಾರಣವಿರಲಿಲ್ಲ, ಹಿಂದೆ ದುರುದ್ದೇಶವಿತ್ತು, ನನಗೆ ನಷ್ಟವಾಗಿದೆ. ಹೇಳಿದಷ್ಟು ಸಲೀಸಲ್ಲ.

ಕೇಸು ನಡೆಸಿದ್ದು ಸರ್ಕಾರ, ನಾನು ಬರೀ ದೂರು ಕೊಟ್ಟವನು ಎಂಬುದು ಫಿರ್ಯಾದಿಯ ಮೊದಲ ಗುರಾಣಿ. ಇದಕ್ಕೆ ಪ್ರಿವಿ ಕೌನ್ಸಿಲ್ 1908ರಲ್ಲೇ ಗಯಾ ಪ್ರಸಾದ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ನಿಜವೆಂದು ನಂಬಿ ಮಾಹಿತಿ ಕೊಟ್ಟು ಸುಮ್ಮನಾದವನ ಮೇಲೆ ಹೊಣೆ ಇಲ್ಲ. ಸುಳ್ಳೆಂದು ಗೊತ್ತಿದ್ದೂ ದೂರು ಕೊಟ್ಟು, ಸಾಕ್ಷಿಗಳನ್ನು ಹೊಂದಿಸಿ, ಪೊಲೀಸರನ್ನು ದಾರಿ ತಪ್ಪಿಸಿದವನು, ಕಾಗದದ ಮೇಲೆ ಸರ್ಕಾರದ ಹೆಸರಿದ್ದರೂ, ಕೇಸು ನಡೆಸಿದವನೇ.

ಇನ್ನೊಂದು ತೊಡಕು ಖುಲಾಸೆಯ ಆದೇಶದ್ದು. ಕೈಯಲ್ಲಿ ಆದೇಶವಿದೆ, ಇನ್ನೇನು ಬೇಕು ಎಂದುಕೊಂಡು ಬರುವ ಕಕ್ಷಿದಾರ ಇಲ್ಲಿ ಎಡವುತ್ತಾನೆ. ಕ್ರಿಮಿನಲ್ ಕೋರ್ಟಿನ ತೀರ್ಪು ಸಿವಿಲ್ ದಾವೆಯಲ್ಲಿ ಹೇಳುವುದು ಒಂದೇ ಸಂಗತಿ, ಕೇಸು ನಿನ್ನ ಪರ ಮುಗಿಯಿತು ಎಂದು. ನೀನು ನಿರಪರಾಧಿ, ದೂರು ಸುಳ್ಳು ಎಂಬುದನ್ನು ಮತ್ತೆ ಮೊದಲಿನಿಂದ, ಮತ್ತೆ ಸಾಕ್ಷಿ ಕರೆಸಿ ತೋರಿಸಬೇಕು. ಸಂಶಯದ ಲಾಭದಲ್ಲಿ ಬಿಡುಗಡೆಯಾದವನೂ ದಾವೆ ಹೂಡಬಹುದು, ಆದರೆ ಸಾಬೀತು ಮಾಡುವ ಹೊರೆ ಅವನ ಹೆಗಲ ಮೇಲೇ. ಲೋಕ ಅದಾಲತ್‌ನಲ್ಲಿ ಊರ ಯಜಮಾನರ ಮಾತಿಗೆ ಕಟ್ಟುಬಿದ್ದು ರಾಜಿಗೆ ಸಹಿ ಹಾಕಿದ್ದರಂತೂ ದಾವೆಯ ಬುಡವೇ ಸಡಿಲ. ಆ ಸಹಿಗೆ ಮುಂಚೆ ಇದನ್ನು ಯಾರೂ ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವುವುದು ಕಾಲಮಿತಿ. 1963ರ ಕಾಲಮಿತಿ ಕಾಯ್ದೆಯ 74ನೇ ಅನುಚ್ಛೇದ ಕೊಡುವುದು ಖುಲಾಸೆಯಾದ ಅಥವಾ ಕೇಸು ಮುಗಿದ ದಿನದಿಂದ ಒಂದೇ ವರ್ಷ. ಅಕ್ರಮ ಬಂಧನಕ್ಕೆ 73ನೇ ಅನುಚ್ಛೇದ, ಅಲ್ಲೂ ಒಂದೇ ವರ್ಷ, ಅದೂ ಬಿಡುಗಡೆಯಾದ ದಿನದಿಂದ. ಸಾಲದ ವಸೂಲಿಗೆ ಮೂರು ವರ್ಷ ಕೊಡುವ ಕಾನೂನು ಜೈಲಿನಿಂದ ಬಂದವನಿಗೆ ಒಂದು ವರ್ಷ ಕೊಡುತ್ತದೆ. ಆ ಒಂದು ವರ್ಷದಲ್ಲಿ ಅವನು ಕಳೆದುಹೋದ ಕೆಲಸ ಹುಡುಕಬೇಕು, ಒತ್ತೆ ಬಿದ್ದ ಒಡವೆ ಬಿಡಿಸಬೇಕು, ಮಗಳ ಮದುವೆಗೆ ಬಂದ ಸಂಬಂಧದವರಿಗೆ ತಾನು ಕಳ್ಳನಲ್ಲ ಎಂದು ನಂಬಿಸಬೇಕು. ಫಿರ್ಯಾದಿ ಅಪೀಲು ಹಾಕಿದ್ದಾನೆ, ಅದು ಮುಗಿಯಲಿ ಎಂದು ಕಾಯುವವರೂ ಇದ್ದಾರೆ. ಕಾಯಬಾರದು. ಅಪೀಲು ವಜಾ ಆದ ದಿನದಿಂದ ಹೊಸ ವರ್ಷ ಎಣಿಸಲು ಕೋರ್ಟು ಒಪ್ಪುತ್ತದೆ ಎಂದು ನೆಚ್ಚಿಕೊಳ್ಳುವುದು ಅಪಾಯ.

ಎದುರಾಳಿ ಬರೀ ಪಕ್ಕದ ಜಮೀನಿನವನಾದರೆ ದಾರಿ ನೇರ. ಅಪಕೃತ್ಯ ನಡೆದ ಜಾಗದಲ್ಲೋ ಪ್ರತಿವಾದಿ ವಾಸವಿರುವ ಜಾಗದಲ್ಲೋ ದಾವೆ ಹೂಡುವ ಆಯ್ಕೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ ವಾದಿಗೆ ಕೊಟ್ಟಿದೆ. ತಿ. ನರಸೀಪುರದಲ್ಲಿ ಮನೆಯಿರುವವನು ನಂಜನಗೂಡಿನಲ್ಲಿ ಸುಳ್ಳು ಕೇಸು ನಡೆಸಿದ್ದರೆ ಎರಡೂ ಊರಿನ ನ್ಯಾಯಾಲಯ ತೆರೆದಿವೆ, ತನಗೆ ಬಸ್ಸು ಅನುಕೂಲವಿರುವ ಕಡೆ ಹೂಡಿದರಾಯಿತು.

ಪೊಲೀಸರನ್ನೂ ಸರ್ಕಾರವನ್ನೂ ಪ್ರತಿವಾದಿ ಮಾಡಬೇಕೆಂದರೆ ಮಾತ್ರ ಬೇಲಿಗಳು ಒಂದರ ಹಿಂದೆ ಒಂದು. ಅದೇ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು, ರಾಜ್ಯ ಸರ್ಕಾರಕ್ಕಾದರೆ ಕಾರ್ಯದರ್ಶಿಗೆ ಇಲ್ಲವೇ ಜಿಲ್ಲಾಧಿಕಾರಿಗೆ. ಇದು ದೇಶಕ್ಕೆಲ್ಲ ಇರುವ ನಿಯಮ. ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ, ಕರ್ತವ್ಯದ ನೆಪದಲ್ಲಿ ಅಥವಾ ಅಧಿಕಾರ ಮೀರಿ ಪೊಲೀಸ್ ಅಧಿಕಾರಿ ಮಾಡಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಿಮಿನಲ್ ಕೇಸು ಮಾತ್ರವಲ್ಲ, ಸಿವಿಲ್ ದಾವೆಯೂ ನಿಲ್ಲದು. ದಾವೆಗೆ ಒಂದು ತಿಂಗಳ ನೋಟಿಸು ಬೇರೆ. ಅಧಿಕಾರ ಮೀರಿದ ಕೃತ್ಯಕ್ಕೂ ಈ ರಕ್ಷಣೆ ಅನ್ವಯಿಸುತ್ತದೆ ಎಂದು ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಡಿ. ದೇವರಾಜ ತೀರ್ಪಿನಲ್ಲಿ, 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮರೆಯಬಾರದ ಒಂದು ಸಮಾಧಾನವೂ ಇದೆ: ಕಾನೂನು ಕೇಳುವ ನೋಟಿಸಿನ ಅವಧಿ, ಅನುಮತಿಗೆ ತಗಲಿದ ಸಮಯ ಆ ಒಂದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಅನುಮತಿ ಕೇಳಬೇಕಾದದ್ದು ಯಾರನ್ನು? ಯಾರ ಮೇಲೆ ದಾವೆ ಹೂಡುತ್ತೇವೋ ಅವರನ್ನೇ. ಈ ಕಲಮಿನಿಂದ ಸಿವಿಲ್ ದಾವೆಯನ್ನಾದರೂ ಕೈಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಾಮಾಣಿಕ ಅಧಿಕಾರಿಯನ್ನು ಕಾಯಲು ದುರುದ್ದೇಶ ಸಾಬೀತಾಗಬೇಕೆಂಬ ಷರತ್ತೇ ಸಾಕಷ್ಟು ಗಟ್ಟಿ.

ಆ ಷರತ್ತೇ ನಿಜವಾದ ಕಗ್ಗಂಟು ಕೂಡ. ಬೆಟ್ಟದಪುರದ ಪ್ರಕರಣವನ್ನೇ ತೆಗೆದುಕೊಳ್ಳಿ. ತನಿಖಾಧಿಕಾರಿಗೆ ಆ ಕೂಲಿಕಾರನ ಮೇಲೆ ಹಗೆ ಇತ್ತೆಂದು ಯಾರು ತೋರಿಸಬೇಕು, ಹೇಗೆ ತೋರಿಸಬೇಕು? ಫೈಲು ಮುಗಿಸುವ ಅವಸರ, ಕೇಳುವವರಿಲ್ಲದ ಬಡವ ಎಂಬ ಸಸಾರ, ವರದಿ ಕೈಗೆ ಬಂದರೂ ಹಿಂದೆ ಸರಿಯದ ಹಟ ಇವೆಲ್ಲ ಸೇರಿದರೂ ಕಾನೂನಿನ ಅರ್ಥದಲ್ಲಿ ದುರುದ್ದೇಶವಾಗದೇ ಹೋಗಬಹುದು. ಸಕಾರಣವಿಲ್ಲದ್ದರಿಂದ ದುರುದ್ದೇಶವನ್ನು ಊಹಿಸಬಹುದು ಎಂದು ಕೋರ್ಟುಗಳು ಹೇಳುವುದುಂಟು, ಅದು ಆಯಾ ನ್ಯಾಯಾಧೀಶರ ಮನಸ್ಸಿಗೆ ಬಿಟ್ಟದ್ದು. ಜೈಲು ಪಾಲಾದ ನಿರಪರಾಧಿಗಳಲ್ಲಿ ಹಗೆಗೆ ಬಲಿಯಾದವರಿಗಿಂತ ಬೇಜವಾಬ್ದಾರಿಗೆ ಬಲಿಯಾದವರೇ ಹೆಚ್ಚಿರಬೇಕು ಎಂಬುದು ನನ್ನ ಅಂದಾಜು. ಸಿವಿಲ್ ದಾವೆಯ ಬಾಗಿಲು ಅವರಿಗೆ ಅರ್ಧ ಮುಚ್ಚಿದೆ.

ಕ್ರಿಮಿನಲ್ ಕೋರ್ಟಿನೊಳಗೇ ಇರುವ ಸಣ್ಣ ಪರಿಹಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಕಾರಣವಿಲ್ಲದ ಆರೋಪಕ್ಕೆ ಫಿರ್ಯಾದಿಯಿಂದ ಪರಿಹಾರ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 250ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 273 ಆಗಿದೆ. ಖುಲಾಸೆಯ ಆದೇಶದಲ್ಲೇ ಫಿರ್ಯಾದಿಗೆ ಕಾರಣ ಕೇಳಬೇಕು. ಆ ಹೊತ್ತಿಗೆ ಬಾಯಿಬಿಟ್ಟು ಕೇಳುವ ವಕೀಲರು ಕಡಿಮೆ. ಇನ್ನೊಂದು ಕಲಂ ಆಧಾರವಿಲ್ಲದೆ ಬಂಧಿಸಲು ಕಾರಣನಾದವನಿಂದ ಪರಿಹಾರ ಕೊಡಿಸುತ್ತದೆ. ಹೊಸ ಸಂಹಿತೆ ಬರೆಯುವಾಗಲೂ ಅದರ ಮಿತಿಯನ್ನು ಸಾವಿರ ರೂಪಾಯಿಗೇ ಇಟ್ಟರು. ಇವತ್ತು ಗಾರೆ ಕೆಲಸದವನ ಒಂದು ದಿನದ ಕೂಲಿಯ ಆಸುಪಾಸು.

ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆ ಸಿವಿಲ್ ಕೋರ್ಟಿನ ವೇಗವನ್ನು ಕಂಡೇ ಹುಟ್ಟಿರಬೇಕು. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಬೇಹುಗಾರಿಕೆಯ ಆರೋಪದಲ್ಲಿ ಬಂಧಿಸಿದ್ದು 1994ರಲ್ಲಿ. ಸುಪ್ರೀಂ ಕೋರ್ಟ್ 50 ಲಕ್ಷ ಕೊಡಿಸಿದ್ದು 2018ರ ಸೆಪ್ಟೆಂಬರ್ 14ರಂದು. ಅವರು ಹೂಡಿದ್ದ ಸಿವಿಲ್ ದಾವೆ ಕೇರಳ ಸರ್ಕಾರದೊಂದಿಗೆ 1.3 ಕೋಟಿ ರೂಪಾಯಿಗೆ ಇತ್ಯರ್ಥವಾದದ್ದು ಅದಕ್ಕೂ ತಡವಾಗಿ. ಅದೇ ಪ್ರಕರಣದಲ್ಲಿ ಸಿಕ್ಕಿಕೊಂಡಿದ್ದ, ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ತೀರ್ಪು ಬಂದ ಎರಡೇ ದಿನಕ್ಕೆ ತೀರಿಕೊಂಡರು. ಹೆಸರು, ವಿದ್ಯೆ, ಸಂಪರ್ಕ ಇದ್ದವರ ಪಾಡು ಇದು.

2017ರಲ್ಲಿ ದೆಹಲಿ ಹೈಕೋರ್ಟ್ ಈ ಕೊರತೆಯನ್ನು ಎತ್ತಿ ತೋರಿಸಿದ ಮೇಲೆ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ 277ನೇ ವರದಿ ಕೊಟ್ಟಿತು. ತಪ್ಪು ಪ್ರಾಸಿಕ್ಯೂಷನ್‌ಗೆ ಒಳಗಾದವರಿಗೆ ಪರಿಹಾರವನ್ನು ಶಾಸನಬದ್ಧ ಹಕ್ಕಾಗಿ ಮಾಡಿ, ಅದಕ್ಕೆ ವಿಶೇಷ ನ್ಯಾಯಾಲಯ ನೇಮಿಸಿ, ಹಣದ ಜೊತೆಗೆ ಕೌಶಲ ತರಬೇತಿ, ಮಾನಸಿಕ ಆರೈಕೆಯಂಥ ನೆರವನ್ನೂ ಕೊಡಿ ಎಂದಿತು. ಬ್ರಿಟನ್ನಿನಲ್ಲಿ ಶಿಕ್ಷೆ ರದ್ದಾದವರಿಗೆ 1988ರಿಂದಲೇ ಇಂಥ ಕಾನೂನಿದೆ. ನಮ್ಮಲ್ಲಿ ಆ ಬಳಿಕ ಮೂರು ಹೊಸ ಅಪರಾಧ ಸಂಹಿತೆಗಳು ಜಾರಿಗೆ ಬಂದವು, ಈ ವರದಿಯ ವ್ಯವಸ್ಥೆಗೆ ಯಾವುದರಲ್ಲೂ ಜಾಗ ಸಿಗಲಿಲ್ಲ. ಆ ವರದಿಯಲ್ಲೂ ಒಂದು ಕುಂದಿದೆ: ದುರುದ್ದೇಶದ, ಅಪ್ರಾಮಾಣಿಕ ಪ್ರಾಸಿಕ್ಯೂಷನ್‌ಗೇ ಅದು ಒತ್ತು ಕೊಡುತ್ತದೆ. ಬೇಜವಾಬ್ದಾರಿಯ ಪ್ರಶ್ನೆ ಅಲ್ಲೂ ಪೂರ್ತಿ ಬಗೆಹರಿಯುವುದಿಲ್ಲ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ತಳ್ಳಿಹಾಕುವಂಥದ್ದಲ್ಲ. ಖುಲಾಸೆಯಾದವರೆಲ್ಲ ಫಿರ್ಯಾದಿಯ ಮೇಲೆ ದಾವೆ ಹೂಡತೊಡಗಿದರೆ ಬಡವರು, ಹೆಂಗಸರು, ದಲಿತರು ಠಾಣೆಯ ಕಡೆ ತಲೆ ಹಾಕಿಯಾರೇ? 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಾದ ಬದನವಾಳು ಇದೇ ನಂಜನಗೂಡು ತಾಲ್ಲೂಕಿನದು. ಸಾಕ್ಷಿ ಹೇಳಲು ಊರಿಗೇ ಊರೇ ಹೆದರುವ ಕಡೆ ಖುಲಾಸೆ ಎಂದರೆ ದೂರು ಸುಳ್ಳು ಎಂದಲ್ಲ. ಹಲವು ಸಲ ಸಾಕ್ಷಿ ಪ್ರತಿಕೂಲವಾಯಿತು ಎಂದಷ್ಟೇ. ಹಾಗಾಗಿ ಫಿರ್ಯಾದಿಯ ವಿರುದ್ಧ ದುರುದ್ದೇಶದ ಷರತ್ತು ಇರಲೇಬೇಕು, ಬಿಗಿಯಾಗಿಯೇ ಇರಬೇಕು. ಸರ್ಕಾರದ ವಿರುದ್ಧ ಅದು ಬೇಕಿಲ್ಲ. ದೂರನ್ನು ಜರಡಿ ಹಿಡಿಯಲೆಂದೇ ತನಿಖೆ, ಪ್ರಾಸಿಕ್ಯೂಟರು, ಪ್ರಯೋಗಾಲಯ ಎಲ್ಲವನ್ನೂ ಇಟ್ಟುಕೊಂಡಿರುವುದು ಸರ್ಕಾರ. ಜರಡಿ ಹರಿದಿದ್ದರೆ ಅದರ ಬೆಲೆ ತೆರಬೇಕಾದವರು ಅವರೇ. ಎರಡೂ ಹೊಣೆಗಳನ್ನು ಬೇರೆ ಮಾಡದ ಯಾವ ಕಾನೂನೂ ಈ ಭಾಗದ ಹಳ್ಳಿಗಳಿಗೆ ಒಳಿತು ಮಾಡದು.

ಕಾನೂನು ಬರುವವರೆಗೆ ಕೈಲಿರುವುದನ್ನು ಬಳಸಬೇಕು. ಖುಲಾಸೆಯಾದ ದಿನವೇ ತೀರ್ಪಿಗೆ, ಸಾಕ್ಷಿಗಳ ಹೇಳಿಕೆಗೆ, ಎಫ್‌ಐಆರ್ ಮತ್ತು ದೋಷಾರೋಪ ಪಟ್ಟಿಗೆ ನಕಲು ಅರ್ಜಿ ಹಾಕಿ. ವಕೀಲರ ಶುಲ್ಕದ ರಸೀದಿ, ಹೋದ ಕೂಲಿಯ ಲೆಕ್ಕ, ಸಾಲದ ಪತ್ರ ಎತ್ತಿಡಿ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡುವುದಿದ್ದರೆ ಅಲ್ಲೂ ಘಟನೆ ನಡೆದ ದಿನದಿಂದ ಒಂದೇ ವರ್ಷ. ಲಕ್ಷಗಳ ದಾವೆಗೆ ಕರ್ನಾಟಕದಲ್ಲಿ ನ್ಯಾಯಾಲಯ ಶುಲ್ಕ ಹತ್ತಾರು ಸಾವಿರ ಮುಟ್ಟುತ್ತದೆ ಎಂದು ಹೆದರಿ ಹಿಂದೆ ಸರಿಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ, ಉಳಿದ ಬಡವರು ಆದಾಯ ಮಿತಿಯೊಳಗಿದ್ದರೆ, ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ನೆರವಿಗೆ ಹಕ್ಕುದಾರರು. ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ಕೋರ್ಟಿನಲ್ಲೇ, ನೀವು ವಾಯಿದೆಗೆ ಅಲೆದ ಅದೇ ಆವರಣದಲ್ಲಿ. ಸಹಾಯವಾಣಿ 15100.